ಕೊಳವೆಯೊಳಗಿನ ಗಾಳಿಯೂ ಓರೆ ಗ್ರಾಫೂ

ನಮ್ಮ ಲ್ಯಾಬಿನಲ್ಲಿ ಗಾಳಿಯ ವೇಗ ಅಳೆಯುವ ಯಂತ್ರವೊಂದಿದೆ. ಇದೆ ಎಂದರೆ, ನಾನು ಈ ಕಾಲೇಜಿಗೆ ಸೇರುವ ಮೊದಲಿನಿಂದಲೂ ಇದೆ. ಆದರೆ ಅದರಲ್ಲಿ ಗಾಳಿ ಬೀಸಿದ್ದನ್ನು ಕಂಡವರು ಯಾರೂ ಇರಲಿಲ್ಲ. ಮೋಟರ್ ಯಾವಾಗಲೋ ಸುಟ್ಟಿತ್ತು. ಆದರೂ ಪ್ರತಿ ವರ್ಷ ಡಿಪ್ಲೊಮಾ ವಿದ್ಯಾರ್ಥಿಗಳು ಆ ಪ್ರಯೋಗ ಮಾಡುತ್ತಿದ್ದರು, ಪ್ರತಿ ವರ್ಷ ರೀಡಿಂಗ್ ಬರುತ್ತಿತ್ತು, ಪ್ರತಿ ವರ್ಷ ಗ್ರಾಫ್ ಹಾಳೆಯ ಮೇಲೆ ಒಂದೇ ತೆರನಾದ ಚೆಂದದ ಗುಡ್ಡ ಮೂಡುತ್ತಿತ್ತು. ಸೀನಿಯರ್‌ಗಳು ಊರಿಗೆ ಹೋಗುವಾಗ ಡ್ರಾಯಿಂಗಿನ ಡ್ರಾಫ್ಟರು, ಹಾಸ್ಟೆಲಿನ ಬಕೆಟ್ಟುಗಳ ಜೊತೆಗೆ ಆ ಅಂಕಿಗಳನ್ನೂ ಜೂನಿಯರ್‌ಗಳಿಗೆ ಕೊಟ್ಟು ಹೋಗುತ್ತಿದ್ದರು. ಪರೀಕ್ಷಕರು ನೋಡುತ್ತಿದ್ದರು, ಅಂಕ ಹಾಕುತ್ತಿದ್ದರು. ಯಾರಿಗೂ ತಂಟೆಯಿರಲಿಲ್ಲ.

ತಂಟೆ ತಂದವನು ನಾನು. ಲ್ಯಾಬ್ ನನ್ನ ಸುಪರ್ದಿಗೆ ಬಂದ ವರ್ಷವೇ ಮೋಟರನ್ನು ಬಿಚ್ಚಿ ಕಲಬುರಗಿಗೆ ಒಯ್ದು ರಿವೈಂಡಿಂಗ್ ಮಾಡಿಸಿಕೊಂಡು ಬಂದೆ. ನಾನು ಆಳಂದದವನು. ನಮ್ಮ ಮನೆಯಲ್ಲಿ ಅನ್ನುತ್ತಾರೆ, ಇವನಿಗೆ ಸುಮ್ಮನೆ ಇರು ಅಂದರೆ ಕೈ ತುರಿಸುತ್ತವೆ ಎಂದು. ಸುಳ್ಳಲ್ಲ. ಕಾಲೇಜಿರುವುದು ಜೇವರ್ಗಿಯಿಂದ ಸ್ವಲ್ಪ ಹೊರಗೆ. ಬಸ್ಸಿನ ಹಿಂದಿನ ಸೀಟಿನಲ್ಲಿ ಆ ಮೋಟರನ್ನು ಕೂಸಿನ ಹಾಗೆ ಕೂಡಿಸಿಕೊಂಡು ಬಂದ ದಿನ ನಾನು ಬಹಳ ಖುಷಿಯಲ್ಲಿದ್ದೆ.

ಯಂತ್ರ ದೊಡ್ಡದೇನಲ್ಲ. ಒಂದು ತುದಿಗೆ ಬ್ಲೋವರ್, ಅದರಿಂದ ಹೊರಟ ಉದ್ದನೆಯ ಕೊಳವೆ, ಕೊಳವೆಯೊಳಕ್ಕೆ ಮೇಲಿನಿಂದ ಇಳಿಬಿಟ್ಟ ಪಿಟಾಟ್ ಟ್ಯೂಬ್. ಇದು ಪೆನ್ಸಿಲ್ ಗಾತ್ರದ, ಕೊನೆಗೆ ಬಾಗಿದ ಹಿತ್ತಾಳೆ ನಳಿಗೆ. ಮೂತಿಯಲ್ಲಿ ಒಂದು ರಂಧ್ರ. ಅದು ಬೀಸಿ ಬರುವ ಗಾಳಿಗೆ ಎದುರಾಗಿ ನಿಂತು ಪೂರ್ತಿ ಒತ್ತಡವನ್ನು ಹಿಡಿಯುತ್ತದೆ. ಮೂತಿಯ ಸ್ವಲ್ಪ ಹಿಂದೆ, ಸುತ್ತಲೂ, ಸೂಜಿಮೊನೆಯಂಥ ಸಣ್ಣ ಸಣ್ಣ ರಂಧ್ರಗಳು. ಅವು ರಭಸವನ್ನು ಬಿಟ್ಟು ಗಾಳಿಯ ಸ್ಥಿರ ಒತ್ತಡವನ್ನಷ್ಟೇ ಹಿಡಿಯುತ್ತವೆ. ಎರಡರಿಂದಲೂ ಒಂದೊಂದು ರಬ್ಬರ್ ನಳಿಗೆ ಹೊರಟು ಮ್ಯಾನೊಮೀಟರಿಗೆ ಬರುತ್ತದೆ. ಮ್ಯಾನೊಮೀಟರ್ ಅಂದರೆ ಓರೆಯಾಗಿ ಕೂಡಿಸಿದ ಗಾಜಿನ ನಳಿಗೆ, ಒಳಗೆ ಕೆಂಪು ಬಣ್ಣದ ನೀರು. ನೀರು ಎಷ್ಟು ಸರಿಯಿತೋ ಅಷ್ಟು ಎರಡು ಒತ್ತಡಗಳ ನಡುವಿನ ಅಂತರ. ಅದರ ವರ್ಗಮೂಲ ತೆಗೆದರೆ ವೇಗ ಸಿಗುತ್ತದೆ. ಪಿಟಾಟ್ ಟ್ಯೂಬನ್ನು ಕೊಳವೆಯ ಮೇಲಿನ ಅಂಚಿನಿಂದ ಕೆಳಗಿನ ಅಂಚಿನವರೆಗೆ ತುಸು ತುಸುವೇ ಇಳಿಸುತ್ತ ಹೋದರೆ ಎಲ್ಲಿ ಗಾಳಿ ಜೋರು, ಎಲ್ಲಿ ನಿಧಾನ ಅಂತ ಗೊತ್ತಾಗುತ್ತದೆ.

ಇದನ್ನು ಪಾಠ ಮಾಡುವಾಗ ನಾನು ಸೊನ್ನದ ಬ್ಯಾರೇಜಿನ ಉದಾಹರಣೆ ಕೊಡುತ್ತೇನೆ. ಗೇಟು ತೆರೆದಾಗ ನಡುವಿನ ನೀರು ಓಡುತ್ತದೆ, ದಂಡೆಗೆ ತಾಗಿದ ನೀರು ಕಾಲೆಳೆಯುತ್ತದೆ. ಗಾಳಿಯೂ ಹಾಗೆಯೇ, ನಡುವೆ ಜೋರು, ಅಂಚಿನಲ್ಲಿ ನಿಧಾನ. ಆ ವರ್ಷ ಈ ಮಾತು ಹೇಳಿದಾಗ ಕೊನೆಯ ವರ್ಷದ ಒಬ್ಬ ಹುಡುಗಿ ಕೈಯೆತ್ತಿ, ನಡುವೆ ಅಂದರೆ ಬರೋಬರ್ ನಡುವೆಯೇ ಏನು, ಅಥವಾ ಹೆಚ್ಚುಕಡಿಮೆ ನಡುವೆಯೇ ಎಂದು ಕೇಳಿದಳು. ನೆಲೋಗಿಯಿಂದ ದಿನಾ ಬಸ್ಸಿಗೆ ಬರುವ ಹುಡುಗಿ. ಇಂಥ ಪ್ರಶ್ನೆ ಕೇಳುವ ವಿದ್ಯಾರ್ಥಿ ಸಿಕ್ಕರೆ ಮೇಷ್ಟರಿಗೆ ಹಬ್ಬ. ನಾನು ಹೇಳಿದೆ, ಬ್ಲೋವರ್ ಚಾಲೂ ಆಗಲಿ, ನೀನೇ ಅಳೆದು ನೋಡು.

ಆಗ ದಸರೆ ಬಂತು. ನಮ್ಮ ಕಡೆ ಖಂಡೇ ಪೂಜೆಯ, ಅಂದರೆ ಆಯುಧಪೂಜೆಯ ದಿನ ಲೇತ್ ಮಷೀನಿನಿಂದ ಹಿಡಿದು ವರ್ನಿಯರ್ ಕ್ಯಾಲಿಪರ್‌ವರೆಗೆ ಎಲ್ಲವನ್ನೂ ತೊಳೆದು, ಒರೆಸಿ, ವಿಭೂತಿ ಹಚ್ಚಿ, ಕುಂಕುಮ ಇಟ್ಟು, ಚೆಂಡುಹೂ ಏರಿಸುತ್ತೇವೆ. ಕಾಲೇಜು ಶುರುವಾದಾಗಿನಿಂದ ಈ ಪದ್ಧತಿ ತಪ್ಪಿಲ್ಲ. ಬ್ಲೋವರ್ ಓಡದ ವರ್ಷಗಳಲ್ಲೂ ಅದಕ್ಕೆ ಪೂಜೆ ಮಾತ್ರ ನಿಂತಿರಲಿಲ್ಲ. ಆ ಸಲ ಪಿಟಾಟ್ ಟ್ಯೂಬನ್ನು ಬಿಚ್ಚಿ ಅದೇ ಹುಡುಗಿಯ ಕೈಗೆ ಕೊಟ್ಟು, ಇದು ನಾಜೂಕು, ಉಳಿದವರು ಬೀಳಿಸುತ್ತಾರೆ, ಇದರ ಪೂಜೆ ನಿನ್ನದು ಎಂದೆ. ಅವಳು ಅದನ್ನು ತೊಳೆದು, ತೇಯ್ದ ವಿಭೂತಿಯನ್ನು ಮೂರು ಬೆರಳಿನಿಂದ ಮೂತಿಯ ಹಿಂದೆ ಸುತ್ತ ಎಳೆದು, ಮರುದಿನ ಮೆತ್ತನೆಯ ಬಟ್ಟೆಯಿಂದ ಹೊಳೆಯುವ ಹಾಗೆ ಒರೆಸಿ ಇಟ್ಟಳು.

ಬನ್ನಿ ಕೊಟ್ಟು ಮುಗಿದ ವಾರ ಬ್ಲೋವರ್ ಹಚ್ಚಿದೆವು. ಧೂಳು, ಇಲಿ ಹಿಕ್ಕೆ, ಒಂದು ಹಳೆಯ ಚಾಕೊಲೇಟ್ ಕಾಗದ ಹೊರಗೆ ಹಾರಿದವು. ಹುಡುಗರು ಚಪ್ಪಾಳೆ ತಟ್ಟಿದರು. ಆದರೆ ಮ್ಯಾನೊಮೀಟರಿನ ನೀರು ಅಲುಗಲೇ ಇಲ್ಲ. ನೋಡಿದರೆ ರಬ್ಬರ್ ನಳಿಗೆಗಳು ವಯಸ್ಸಾಗಿ ಬಿರುಕು ಬಿಟ್ಟಿದ್ದವು. ಮೆಡಿಕಲ್ ಶಾಪಿನಿಂದ ಸಲೈನ್ ಏರಿಸುವ ನಳಿಗೆ ತಂದು ಹಾಕಿದೆ. ಮೂತಿಯ ರಂಧ್ರದಲ್ಲಿ ಕುಂಕುಮ ಕೂತಿತ್ತು, ಸೂಜಿ ಹಾಕಿ ತೆಗೆದೆ. ಗಾಜಿನ ನಳಿಗೆಯಲ್ಲಿದ್ದ ಗುಳ್ಳೆಗಳನ್ನು ತಟ್ಟಿ ತಟ್ಟಿ ಹೊರಗೆ ಹಾಕಿದೆ. ಈಗ ನೀರು ಏರಿತು.

ಆಮೇಲೆ ಸೋರಿಕೆ ಪರೀಕ್ಷೆ. ಬದಿಯ ರಂಧ್ರಗಳನ್ನು ಬೆರಳಿನಿಂದ ಮುಚ್ಚಿ ನಳಿಗೆಯಿಂದ ಸ್ವಲ್ಪ ಗಾಳಿ ಹೀರಿ, ನೀರು ನಿಂತಲ್ಲೇ ನಿಲ್ಲುತ್ತದೋ ಎಂದು ನೋಡಬೇಕು. ನಿಂತಿತು. ಬೆರಳು ತೆಗೆದಾಗ ನೀರು ಸಾವಕಾಶವಾಗಿ, ರಾಜಗಾಂಭೀರ್ಯದಿಂದ ತನ್ನ ಜಾಗಕ್ಕೆ ಬಂತು. ಆಹಾ, ಎಷ್ಟು ನಯವಾಗಿ ಇಳಿಯುತ್ತದೆ ಎಂದು ಹುಡುಗರಿಗೆ ತೋರಿಸಿದೆ. ನನ್ನ ಬುದ್ಧಿಗಿಷ್ಟು!

ಮೊದಲ ಸಲ ಅಳೆದಾಗ ಬಂದ ಗ್ರಾಫ್ ಓರೆಯಾಗಿತ್ತು. ಜೋರಿನ ಗಾಳಿ ನಡುವೆ ಇರಲಿಲ್ಲ, ನಡುವಿನಿಂದ ಸಾಕಷ್ಟು ಕೆಳಗೆ ಸರಿದಿತ್ತು. ಮೇಲಿನ ಅಂಚಿನಲ್ಲಿ ಗಾಳಿ ತೀರಾ ಕಡಿಮೆ, ಕೆಳಗಿನ ಅಂಚಿನಲ್ಲಿ ಬೇಕಾದ್ದಕ್ಕಿಂತ ಹೆಚ್ಚು. ಗುಡ್ಡ ಒಂದು ಕಡೆ ವಾಲಿ ಬಿದ್ದಂತಿತ್ತು.

ನಾನು ಮೊದಲು ತಪ್ಪು ಹೊರಿಸಿದ್ದು ಕರೆಂಟಿನ ಮೇಲೆ. ಸುತ್ತಲಿನ ಹೊಲಗಳ ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕೊಟ್ಟ ಹೊತ್ತಿನಲ್ಲಿ ನಮ್ಮ ವೋಲ್ಟೇಜ್ ಬೀಳುತ್ತದೆ, ಬ್ಲೋವರಿನ ಸದ್ದೇ ಬದಲಾಗುತ್ತದೆ. ಆಫೀಸಿನಿಂದ ಸ್ಟೆಬಿಲೈಸರ್ ಹೊತ್ತು ತಂದೆವು. ಗುಡ್ಡ ವಾಲಿದ್ದು ವಾಲಿದಂತೆಯೇ ಇತ್ತು. ಆಮೇಲೆ ನನಗೆ ಖಾತ್ರಿಯಾಯಿತು, ಇದು ಸುಳಿ. ಬ್ಲೋವರಿನಿಂದ ಹೊರಡುವ ಗಾಳಿ ತಿರುಚಿಕೊಂಡು ಬರುತ್ತಿದೆ, ಅದನ್ನು ನೇರ ಮಾಡಬೇಕು. ಪೇಟೆಯಲ್ಲಿ ಸಿಗುವ ಜಾಲರಿ ತರಿಸಲು ಆಗಲಿಲ್ಲ. ನೆಲೋಗಿಯ ಹುಡುಗಿ ಮತ್ತು ಅವಳ ಗೆಳತಿಯರು ತಂಪು ಪಾನೀಯದ ಅಂಗಡಿಯಿಂದ ಸ್ಟ್ರಾಗಳ ಕಟ್ಟುಗಳನ್ನು ತಂದು, ಒಂದಕ್ಕೊಂದು ಅಂಟಿಸಿ, ಜೇನುಗೂಡಿನ ಹಾಗೆ ದುಂಡಗೆ ಕತ್ತರಿಸಿ ಕೊಳವೆಯೊಳಗೆ ಕೂಡಿಸಿದರು. ಅಷ್ಟು ಚೆಂದದ ಕೆಲಸವನ್ನು ನಾನು ಆ ಲ್ಯಾಬಿನಲ್ಲಿ ನೋಡಿರಲಿಲ್ಲ. ಬ್ಲೋವರ್ ಹಚ್ಚಿದೆವು. ಗುಡ್ಡ ವಾಲಿಯೇ ಇತ್ತು.

ಬದಿಯ ರಂಧ್ರಗಳನ್ನು ನಾನು ಅನುಮಾನಿಸಲೇ ಇಲ್ಲ. ಹೊರಗಿನಿಂದ ಟ್ಯೂಬ್ ಕನ್ನಡಿಯಂತೆ ಹೊಳೆಯುತ್ತಿತ್ತಲ್ಲ.

ಪ್ರಾಯೋಗಿಕ ಪರೀಕ್ಷೆ ಹತ್ತಿರ ಬಂತು. ನಮ್ಮ ಲ್ಯಾಬ್ ಇನ್‌ಸ್ಟ್ರಕ್ಟರ್ ಹಿರಿಯರು, ಯಡ್ರಾಮಿಯ ಕಡೆಯವರು, ಯಾರಿಗೂ ಕೆಟ್ಟದ್ದು ಬಯಸದ ಮನುಷ್ಯ. ಒಂದು ದಿನ ಚಹಾದ ಹೊತ್ತಿನಲ್ಲಿ ನನ್ನ ಪಕ್ಕ ಕೂತು ಮೆತ್ತಗೆ ಮಾತು ತೆಗೆದರು.

"ಸರ್, ಹಳೇ ರೀಡಿಂಗ್ ಹುಡುಗರ ಕಡೆ ಅದಾವ್ರಿ. ಬರಕೊಂಡು ಹೋಗ್ಲಿ ಬಿಡ್ರಿ. ಸುಮ್ನ ಯಾಕ ಅವ್ರ ಜೀವಾ ತಿಂತೀರಿ?"

ನನಗೆ ಸಿಟ್ಟು ಬಂತು. ಬ್ಲೋವರ್ ಸತ್ತಿದ್ದಾಗ ಬರೆದದ್ದು ಬೇರೆ, ಅದು ಕಣ್ಣೆದುರು ಬೀಸುತ್ತಿರುವಾಗ ಅದರ ಪಕ್ಕದಲ್ಲೇ ಕೂತು ಸುಳ್ಳು ಬರೆಯುವುದು ಬೇರೆ ಎಂದೆ. ಅಷ್ಟಕ್ಕೂ ಆ ಹಳೆಯ ಅಂಕಿಗಳು ಗಾಳಿಯವೇ ಅಲ್ಲ. ಕೊಳವೆಯಲ್ಲಿ ಓಡುವ ನಿಜವಾದ ಗಾಳಿಯ ಗ್ರಾಫಿನ ನೆತ್ತಿ ಸ್ವಲ್ಪ ಚಪ್ಪಟೆ ಇರುತ್ತದೆ. ಹಳೆಯ ಗುಡ್ಡ ತೀರಾ ಚೂಪು, ಯಾರೋ ಪುಸ್ತಕ ನೋಡಿ ಕೂಡಿಸಿದ ಲೆಕ್ಕ. ಇನ್‌ಸ್ಟ್ರಕ್ಟರ್ ಚಹಾ ಮುಗಿಸಿ ಎದ್ದು ಹೋದರು.

ಮರುದಿನ ತರಗತಿಯಲ್ಲಿ ಹೇಳಿಬಿಟ್ಟೆ. ಗಾಳಿಯ ಪ್ರಯೋಗ ಬಂದವರು ಕಣ್ಣಿಗೆ ಕಂಡದ್ದನ್ನೇ ಬರೆಯಬೇಕು. ಗ್ರಾಫ್ ಓರೆ ಬಂದರೆ ಓರೆಯಾಗಿಯೇ ಇರಲಿ. ಉಪಕರಣದ ತೊಂದರೆ ಏನೆಂದು ಪರೀಕ್ಷಕರಿಗೆ ನಾನು ವಿವರಿಸುತ್ತೇನೆ, ಆ ಹೊಣೆ ನನ್ನದು. ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಂಬಿದವಳು ಒಬ್ಬಳೇ ಅಂತ ಕಾಣುತ್ತದೆ.

ಅವಳಿಗೆ ಆ ಪರೀಕ್ಷೆ ಎಷ್ಟು ಮುಖ್ಯ ಎಂಬುದು ನನಗೆ ಗೊತ್ತಿತ್ತು. ಜಿಲ್ಲೆಯ ಒಂದು ಸಿಮೆಂಟ್ ಕಾರ್ಖಾನೆಯವರು ಕಾಲೇಜಿಗೆ ಬಂದು ಅಪ್ರೆಂಟಿಸ್‌ಗಳನ್ನು ಆರಿಸಿದ್ದರು. ನಮ್ಮ ವಿಭಾಗದಿಂದ ಆಯ್ಕೆಯಾದ ಹುಡುಗಿ ಅವಳೊಬ್ಬಳೇ. ಅಲ್ಲಿ ಧೂಳು ಹೀರುವ ದೊಡ್ಡ ದೊಡ್ಡ ಫ್ಯಾನುಗಳಿರುತ್ತವೆ, ಮನುಷ್ಯ ನಡೆದು ಹೋಗುವಷ್ಟು ಅಗಲದ ಕೊಳವೆಗಳಿರುತ್ತವೆ, ಅವುಗಳ ಗಾಳಿಯನ್ನು ಇದೇ ಪಿಟಾಟ್ ಟ್ಯೂಬಿನಿಂದ ಅಳೆಯುತ್ತಾರೆ. ಸಂದರ್ಶನದಲ್ಲಿ ಅವಳು ನಮ್ಮ ಸ್ಟ್ರಾ ಜಾಲರಿಯ ಕಥೆ ಹೇಳಿದ್ದಳಂತೆ, ಅವರಿಗೆ ಅದು ಹಿಡಿಸಿತ್ತು. ಷರತ್ತು ಒಂದೇ. ಸೇರುವ ದಿನದೊಳಗೆ ಎಲ್ಲ ವಿಷಯ ಪಾಸಾಗಿರಬೇಕು, ಒಂದು ಬಾಕಿ ಉಳಿದರೂ ಆ ಜಾಗ ಪಟ್ಟಿಯಲ್ಲಿ ಮುಂದಿನವರಿಗೆ.

ಪರೀಕ್ಷೆಯ ದಿನ ಹೊರಗಿನಿಂದ ಬಂದ ಪರೀಕ್ಷಕರು ಒಳ್ಳೆಯವರೇ. ಹಿಂದಿನ ದಿನ ಅಫಜಲಪುರದಲ್ಲಿ ಪರೀಕ್ಷೆ ಮುಗಿಸಿ ಬಂದಿದ್ದರು, ಸಂಜೆಯ ಬಸ್ಸಿಗೆ ಅವರ ಊರಿಗೆ ಹೊರಡಬೇಕಿತ್ತು, ದಣಿದಿದ್ದರು. ಬೆಳಗಿನ ಬ್ಯಾಚಿನಲ್ಲಿ ಗಾಳಿಯ ಪ್ರಯೋಗದ ಚೀಟಿ ಒಬ್ಬ ಹುಡುಗನಿಗೆ ಬಂತು. ಅವನು ಬ್ಲೋವರ್ ಹಚ್ಚಿದ, ಮ್ಯಾನೊಮೀಟರಿನ ಮುಂದೆ ಬಗ್ಗಿ ನಿಂತ, ಟ್ಯೂಬನ್ನು ಇಳಿಸಿದ, ಏರಿಸಿದ. ಬರೆದದ್ದು ಮಾತ್ರ ಸೀನಿಯರ್‌ಗಳು ಕೊಟ್ಟ ಅಂಕಿಗಳನ್ನು. ಅವನ ಗುಡ್ಡ ಬರೋಬರ್ ನಡುವೆ ನಿಂತಿತ್ತು. ನನಗೆ ನೋಡಿದ ತಕ್ಷಣ ಗೊತ್ತಾಯಿತು. ಗೊತ್ತಾಗಿ ಏನು ಮಾಡಲಿ? ತಂದೆಯಿಲ್ಲದ ಹುಡುಗ, ಅವನೂ ಹೇಗೋ ದಾಟಬೇಕು. ಪರೀಕ್ಷಕರು ಚೊಲೋ ಬಂದಿದೆ ಎಂದು ಅಂಕ ಹಾಕಿದರು.

ಮಧ್ಯಾಹ್ನದ ಬ್ಯಾಚಿನಲ್ಲಿ ಅದೇ ಚೀಟಿ ನೆಲೋಗಿಯ ಹುಡುಗಿಗೆ ಬಂತು. ಚೀಟಿ ತೆರೆದು ನನ್ನ ಕಡೆ ನೋಡಿ ಸಣ್ಣಗೆ ನಕ್ಕಳು. ಇದನ್ನು ಅವಳಿಗಿಂತ ಚೆನ್ನಾಗಿ ಮಾಡುವವರು ಯಾರೂ ಇರಲಿಲ್ಲ. ಮ್ಯಾನೊಮೀಟರಿನ ನೀರನ್ನು ಸೊನ್ನೆಗೆ ತಂದಳು, ಗುಳ್ಳೆ ನೋಡಿದಳು, ನಳಿಗೆಯ ಗಂಟುಗಳನ್ನು ಮುಟ್ಟಿ ನೋಡಿದಳು. ಬ್ಲೋವರ್ ಹಚ್ಚಿ ಮೇಲಿನ ಅಂಚಿನಿಂದ ಶುರುಮಾಡಿದಳು. ಪ್ರತಿ ಜಾಗದಲ್ಲೂ ನೀರು ನಿಲ್ಲಲಿ ಎಂದು ಕಾಯುತ್ತಿದ್ದಳು, ಆದರೆ ಅದು ಹರಿದಾಡುತ್ತಲೇ ಇತ್ತು. ಪರೀಕ್ಷೆಯ ಹೊತ್ತು ಓಡುತ್ತದೆ, ಎಷ್ಟಂತ ಕಾಯುವುದು. ಕಂಡದ್ದನ್ನು ಬರೆದುಕೊಂಡು ಮುಂದಕ್ಕೆ ಹೋದಳು. ಗ್ರಾಫ್ ಎಳೆದಳು. ಗುಡ್ಡ ವಾಲಿತು. ಅದನ್ನು ಹಾಗೇ ಪರೀಕ್ಷಕರ ಮೇಜಿನ ಮೇಲಿಟ್ಟಳು.

ಪರೀಕ್ಷಕರು ಕನ್ನಡಕ ಏರಿಸಿ ನೋಡಿದರು.

"ಇದೇನವ್ವಾ, ಗಾಳಿ ಒಂದ ಕಡಿಗೆ ಓಡೇದಲ್ಲ?"

"ಹಂಗೇ ಕಂಡದ್ರಿ ಸರ್. ಎರಡು ಸಲ ನೋಡೇನಿ."

ನಾನು ಎದ್ದು ಹೋಗಿ ನನ್ನ ಮಾತು ಶುರುಮಾಡಿದೆ. ಉಪಕರಣದಲ್ಲಿ ಏನೋ ದೋಷವಿದೆ, ವೋಲ್ಟೇಜ್ ನಿಲ್ಲುವುದಿಲ್ಲ, ಗಾಳಿ ಸುಳಿಯುತ್ತಿರಬಹುದು, ಹುಡುಗಿಯ ವಿಧಾನ ಮಾತ್ರ ಸರಿಯಾಗಿದೆ. ಅವರು ತಾಳ್ಮೆಯಿಂದ ಕೇಳಿಸಿಕೊಂಡರು. ಆಮೇಲೆ ಬೆಳಗಿನ ಕಟ್ಟಿನಿಂದ ಆ ಹುಡುಗನ ಗ್ರಾಫ್ ಹಾಳೆಯನ್ನು ಎಳೆದು ಇವಳದರ ಪಕ್ಕಕ್ಕಿಟ್ಟರು. ಅದೇ ಯಂತ್ರ, ಅದೇ ದಿನ, ಅದೇ ಕರೆಂಟು. ಒಬ್ಬರಿಗೆ ಸರಿ ಬಂದದ್ದು ಇನ್ನೊಬ್ಬರಿಗೆ ಯಾಕೆ ಬರಲಿಲ್ಲ?

ನನಗೆ ಹೇಳಲು ಒಂದೇ ಉತ್ತರವಿತ್ತು, ಆ ಹುಡುಗ ನೋಡಿ ಬರೆದದ್ದಲ್ಲ ಎಂಬುದು. ಹೇಳಿದರೆ ಅದು ನಕಲಿನ ಪ್ರಕರಣ. ಅವನ ಆ ಸಲದ ಪರೀಕ್ಷೆ ಪೂರ್ತಿ ಹೋಗುತ್ತದೆ, ಬಹುಶಃ ಬೆಳಗಿನ ಇಡೀ ಬ್ಯಾಚನ್ನೇ ತನಿಖೆಗೆ ಹಾಕುತ್ತಾರೆ. ಹೇಳದಿದ್ದರೆ ಇವಳು ಹೋಗುತ್ತಾಳೆ. ಅತ್ತ ದರಿ ಇತ್ತ ಪುಲಿ ಎಂದು ಓದಿದ್ದೆ, ನಿಂತು ನೋಡಿದ್ದು ಅಂದೇ. ಹುಡುಗಿ ನನ್ನ ಮುಖವನ್ನೇ ನೋಡುತ್ತಿದ್ದಳು. ಅವಳಿಗೂ ಉತ್ತರ ಗೊತ್ತಿತ್ತು, ಆ ಹುಡುಗ ಅವಳದೇ ಬೆಂಚಿನವನು. ಅವಳೂ ಹೇಳಲಿಲ್ಲ.

ಪರೀಕ್ಷಕರೇ ಹೇಳಿದರು. ಸಿಟ್ಟಿನಿಂದಲ್ಲ, ಬುದ್ಧಿ ಹೇಳುವ ದನಿಯಲ್ಲಿ.

"ಕುಣಿಯಾಕ ಬರದವ್ರು ನೆಲ ಡೊಂಕು ಅಂದ್ರಂತ. ತಪ್ಪು ಮಷೀನಿನ ಮ್ಯಾಲ ಹಾಕಬಾರದವ್ವಾ."

ಅವಳು ತಲೆ ತಗ್ಗಿಸಿದಳು. ರೀಡಿಂಗಿಗೆ, ಗ್ರಾಫಿಗೆ, ಫಲಿತಾಂಶಕ್ಕೆ ಇದ್ದ ಅಂಕಗಳೆಲ್ಲ ಹೋದವು. ಆಮೇಲೆ ಕೇಳಿದ ಮೌಖಿಕ ಪ್ರಶ್ನೆಗಳಿಗೆ, ಸದಾ ಮೊದಲು ಕೈಯೆತ್ತುವ ಆ ಹುಡುಗಿ, ಗೊತ್ತಿದ್ದದ್ದನ್ನೂ ಹೇಳದೆ ನಿಂತಳು. ನಾನು ಒಳಗಿನ ಪರೀಕ್ಷಕ. ಅಂಕಪಟ್ಟಿಯ ಮೇಲೆ ನನ್ನದೂ ಸಹಿ ಬೇಕು. ಇನ್ನಷ್ಟು ಹಾಕಿ ಎಂದು ಗೋಗರೆದೆ. ಅವರು ಗಡಿಯಾರ ನೋಡಿಕೊಂಡು, ಹೀಗೆ ಎಲ್ಲರಿಗೂ ಹಾಕುತ್ತ ಹೋದರೆ ಬೆಳಗಿನ ಹುಡುಗನಿಗೆ ಅನ್ಯಾಯ ಅಲ್ಲವೇನ್ರಿ ಸರ್ ಎಂದರು.

ಫಲಿತಾಂಶ ಬಂದಾಗ ಎಲ್ಲ ಥಿಯರಿ ವಿಷಯಗಳಲ್ಲಿ ಅವಳು ವಿಭಾಗಕ್ಕೇ ಮೊದಲು. ಆ ಒಂದು ಲ್ಯಾಬ್ ಮಾತ್ರ ಫೇಲ್. ಮರುಮೌಲ್ಯಮಾಪನ ಥಿಯರಿಗೆ ಉಂಟು, ಪ್ರಾಕ್ಟಿಕಲ್‌ಗೆ ಇಲ್ಲ. ಇದನ್ನು ಅವಳಿಗೆ ನಾನೇ ಹೇಳಬೇಕಾಯಿತು. ಕಾಲೇಜಿನ ಮೆಟ್ಟಿಲ ಬಳಿ ನಿಂತು ಕೇಳಿಸಿಕೊಂಡಳು. ಅಳಲಿಲ್ಲ, ಜಗಳ ಆಡಲಿಲ್ಲ. ಸಪ್ಲಿಮೆಂಟರಿ ಯಾವಾಗ ಎಂದಷ್ಟೇ ಕೇಳಿದಳು. ಕಾರ್ಖಾನೆಗೆ ಸೇರುವ ದಿನ ಅದಕ್ಕಿಂತ ಬಹಳ ಮೊದಲೇ ಇತ್ತು. ಕಾರ್ಖಾನೆಯ ತರಬೇತಿ ಅಧಿಕಾರಿಗೆ ನಾನು ಫೋನ್ ಮಾಡಿ, ಹುಡುಗಿ ಬಹಳ ಶಾಣ್ಯಾ, ಉಪಕರಣದ ತಪ್ಪಿನಿಂದ ಹೀಗಾಯಿತು, ಸ್ವಲ್ಪ ಕಾಯಿರಿ ಎಂದು ಕೇಳಿಕೊಂಡೆ. ಅವರು ಬಹಳ ಮರ್ಯಾದೆಯಿಂದ ಮಾತಾಡಿದರು. ನಿಯಮ ಹೀಗಿದೆ ಸರ್, ನಮ್ಮ ಕೈಯಲ್ಲೂ ಏನಿಲ್ಲ ಎಂದರು. ಯಾರ ಕೈಯಲ್ಲೂ ಏನೂ ಇಲ್ಲದ ಕಾಲವಿದು. ಅವಳ ಜಾಗಕ್ಕೆ ಪಟ್ಟಿಯ ಮುಂದಿನವರು ಸೇರಿದರು.

ಬೇಸಿಗೆ ರಜೆಯಲ್ಲಿ ಆಳಂದಕ್ಕೆ ಹೋದರೂ ಮನಸ್ಸು ನಿಲ್ಲಲಿಲ್ಲ. ಊಟಕ್ಕೆ ಕೂತರೆ ಆ ಎರಡು ಹಾಳೆಗಳು ತಟ್ಟೆಯ ಪಕ್ಕ ಇದ್ದಂತೆ ಅನಿಸುತ್ತಿತ್ತು. ನಾಚಿಕೆ ಎನ್ನಲೋ ಸಿಟ್ಟು ಎನ್ನಲೋ. ಕೊನೆಗೆ ರಜೆ ಮುಗಿಯುವ ಮೊದಲೇ ಜೇವರ್ಗಿಗೆ ಬಂದು, ಲ್ಯಾಬಿನ ಬೀಗ ತೆಗೆಸಿ, ಒಬ್ಬನೇ ಬ್ಲೋವರ್ ಹಚ್ಚಿಕೊಂಡು ಕೂತೆ. ಯಾವ ಯೋಜನೆಯೂ ಇರಲಿಲ್ಲ. ಪಿಟಾಟ್ ಟ್ಯೂಬ್ ಕೊಳವೆಯ ಕೆಳಗಿನ ಅಂಚಿನಲ್ಲೇ ಉಳಿದಿತ್ತು. ಅದನ್ನು ಮೇಲಕ್ಕೆ ತಂದು ಶುರುಮಾಡಲು ಬೇಸರವಾಗಿ, ಇದ್ದಲ್ಲಿಂದಲೇ, ಕೆಳಗಿನಿಂದ ಮೇಲಕ್ಕೆ ಅಳೆಯುತ್ತ ಹೋದೆ.

ಗುಡ್ಡ ಈ ಸಲ ಮೇಲಕ್ಕೆ ವಾಲಿತ್ತು.

ನಾನು ಪೆನ್ಸಿಲ್ ಕೆಳಗಿಟ್ಟೆ. ಗಾಳಿ ನಿಜವಾಗಿ ಓರೆಯಾಗಿ ಬೀಸುತ್ತಿದ್ದರೆ ಯಾವ ಕಡೆಯಿಂದ ಅಳೆದರೂ ಒಂದೇ ಕಡೆ ಓರೆ ಬರಬೇಕು. ನಾನು ಹೋದ ದಿಕ್ಕಿಗೆ ಗುಡ್ಡವೂ ಸರಿಯುತ್ತಿದೆ ಅಂದರೆ ಗಾಳಿ ನೆಟ್ಟಗಿದೆ, ಮ್ಯಾನೊಮೀಟರ್ ತಡಮಾಡುತ್ತಿದೆ. ಈ ಜಾಗದ ಒತ್ತಡವನ್ನು ಅದು ಮುಂದಿನ ಜಾಗದಲ್ಲಿ ತೋರಿಸುತ್ತಿದೆ. ಎಲ್ಲೋ ಗಾಳಿಯ ದಾರಿ ಕಟ್ಟಿದೆ. ಸೋರಿಕೆ ಪರೀಕ್ಷೆಯ ದಿನ ನೀರು ರಾಜಗಾಂಭೀರ್ಯದಿಂದ ಇಳಿದಿತ್ತಲ್ಲ, ಅದು ಆಗಲೇ ಹೇಳಿತ್ತು. ಬೆರಳು ತೆಗೆದ ಕೂಡಲೇ ನೀರು ದಬಕ್ಕನೆ ಬೀಳಬೇಕಿತ್ತು. ನನಗದು ತಿಳಿಯಲಿಲ್ಲ.

ಟ್ಯೂಬನ್ನು ಬಿಚ್ಚಿ ಕಿಟಕಿಯ ಬೆಳಕಿಗೆ ಹಿಡಿದೆ. ಬದಿಯ ಸಣ್ಣ ರಂಧ್ರಗಳ ಮೇಲೆ ಭೂತಗನ್ನಡಿ ಇಟ್ಟು ನೋಡಿದರೆ, ಒಂದೊಂದರ ಒಳಗೂ ಬೂದು ಬಿಳುಪು. ಅತಿ ಸಣ್ಣ ತಂತಿಯಿಂದ ಚುಚ್ಚಿದೆ. ಗಟ್ಟಿಯಾಗಿ ಕೂತ ಹಿಟ್ಟಿನಂಥದ್ದು ಪುಡಿಪುಡಿಯಾಗಿ ಅಂಗೈಗೆ ಬಿತ್ತು. ಬೆರಳಿನಿಂದ ತಿಕ್ಕಿ ಮೂಸಿದೆ. ದಿನಾ ಬೆಳಿಗ್ಗೆ ಹಣೆಗೆ ಹಚ್ಚಿಕೊಳ್ಳುವವನಿಗೆ ಅದರ ವಾಸನೆ ಯಾರೂ ಹೇಳಿಕೊಡಬೇಕಿಲ್ಲ. ವಿಭೂತಿ. ಎಷ್ಟೋ ವರ್ಷಗಳ ಖಂಡೇ ಪೂಜೆಯದು, ಪದರು ಪದರಾಗಿ. ಪ್ರತಿ ವರ್ಷ ಒಬ್ಬೊಬ್ಬರು ಮೂತಿಯ ಹಿಂದೆ ಸುತ್ತಲೂ ಮೂರು ಗೆರೆ ಎಳೆದಿದ್ದಾರೆ, ರಂಧ್ರಗಳಿರುವುದೂ ಅಲ್ಲಿಯೇ. ಮರುದಿನ ಒರೆಸಿದ ಬಟ್ಟೆ ಅದನ್ನು ಇನ್ನಷ್ಟು ಒಳಕ್ಕೆ ತಳ್ಳಿದೆ. ಬ್ಲೋವರ್ ಸತ್ತಿದ್ದಷ್ಟು ಕಾಲ ಅದರಿಂದ ಯಾರಿಗೂ ನಷ್ಟವಾಗಲಿಲ್ಲ.

ಟ್ಯೂಬನ್ನು ಬಿಸಿನೀರಿನಲ್ಲಿ ನೆನೆಸಿ, ತಂತಿ ಹಾಕಿ, ಸೈಕಲ್ ಪಂಪಿನಿಂದ ಗಾಳಿ ಊದಿ, ಒಣಗಿಸಿ ಮತ್ತೆ ಕೂಡಿಸಿದೆ. ಬ್ಲೋವರ್ ಹಚ್ಚಿದೆ. ನೀರು ಜಿಗಿದು ನಿಂತಿತು, ನಿಂತಲ್ಲೇ ನಿಂತಿತು. ಮೇಲಿನಿಂದ ಅಳೆದೆ, ಕೆಳಗಿನಿಂದ ಅಳೆದೆ. ಗುಡ್ಡ ನಡುವೆಯೇ ಕೂತಿತ್ತು, ನೆತ್ತಿ ಸ್ವಲ್ಪ ಚಪ್ಪಟೆಯಾಗಿ, ನಿಜವಾದ ಗಾಳಿಯ ಹಾಗೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಅಷ್ಟು ಚೆಂದದ ಗ್ರಾಫನ್ನು ಹಿಡಿದುಕೊಂಡು ಖಾಲಿ ಲ್ಯಾಬಿನಲ್ಲಿ ಕೂತಿದ್ದೆ. ಅಳು ಬಂತು ಎಂದು ಹೇಳಿಕೊಳ್ಳಲು ನಾಚಿಕೆಯೇನಿಲ್ಲ, ಬಂತು.

ಮುಂಗಾರು ಶುರುವಾದ ಮೇಲೆ ಸಪ್ಲಿಮೆಂಟರಿ. ಅದಕ್ಕೆ ಮೊದಲು ಹುಡುಗಿ ಅಭ್ಯಾಸಕ್ಕೆಂದು ಒಂದು ದಿನ ಬಂದಳು. ಹೇಳಲೋ ಬೇಡವೋ ಎಂದು ಬಹಳ ಯೋಚಿಸಿದ್ದೆ. ಹೇಳಿಯೇಬಿಟ್ಟೆ, ವಿಭೂತಿ ಕೂತು ರಂಧ್ರ ಕಟ್ಟಿತ್ತು, ವರ್ಷಾನುಗಟ್ಟಲೆಯದು, ಈಗ ತೆಗೆದಿದ್ದೇನೆ, ನೀನು ಅಂದು ಬರೆದದ್ದು ಆ ಟ್ಯೂಬು ತೋರಿಸಿದ್ದನ್ನೇ, ನಿನ್ನ ತಪ್ಪು ಒಂದು ಗೆರೆಯಷ್ಟೂ ಇರಲಿಲ್ಲ. ಅವಳು ಟ್ಯೂಬನ್ನು ಕೈಗೆ ತೆಗೆದುಕೊಂಡು ತಿರುಗಿಸಿ ತಿರುಗಿಸಿ ನೋಡಿದಳು.

"ಈ ಸಲ ನಾನೇ ಹಚ್ಚಿದ್ದೆ ಅಲ್ರಿ ಸರ್," ಎಂದಳು.

ಒಬ್ಬಳೇ ಅಲ್ಲವ್ವಾ, ಎಲ್ಲರೂ ಹಚ್ಚಿದ್ದಾರೆ, ಹಚ್ಚು ಅಂದವನು ನಾನು ಎಂದೆ. ಅವಳು ಟ್ಯೂಬನ್ನು ಜಾಗದಲ್ಲಿ ಇಟ್ಟಳು. ಬ್ಲೋವರ್ ಹಚ್ಚಿ ತೋರಿಸುತ್ತೇನೆ ಇರು ಎಂದರೆ, ಬಸ್ಸಿಗೆ ಹೊತ್ತಾಗುತ್ತದೆ ಎಂದು ಹೊರಟುಬಿಟ್ಟಳು.

ಸಪ್ಲಿಮೆಂಟರಿಗೆ ಬಂದವರು ಬೆರಳೆಣಿಕೆಯಷ್ಟು. ಪರೀಕ್ಷಕರು ಬೇರೆಯವರು. ಪ್ರಯೋಗ ಹಂಚಿ ಮುಖ್ಯಸ್ಥರ ಕೋಣೆಗೆ ಚಹಾಕ್ಕೆ ಹೋದರು. ಚೀಟಿಯಲ್ಲಿ ಅವಳಿಗೆ ಮತ್ತೆ ಗಾಳಿಯೇ ಬಂತು. ನನಗೆ ಒಳಗೊಳಗೇ ಸಂತೋಷವಾಯಿತು. ದೇವರು ದೊಡ್ಡವನು, ಈ ಸಲ ಯಂತ್ರವೂ ಸರಿ, ಹುಡುಗಿಯೂ ಸರಿ ಅಂದುಕೊಂಡೆ. ಪಕ್ಕದ ಮೇಜಿನವರಿಗೆ ಹಾಳೆ ಕೊಟ್ಟು ತಿರುಗಿ ನೋಡಿದರೆ ಅವಳು ಬೆಂಚಿನ ಮೇಲೆ ಕೂತು ಬರೆಯುತ್ತಿದ್ದಳು. ಬ್ಲೋವರಿನ ಸದ್ದೇ ಇರಲಿಲ್ಲ. ಕರೆಂಟ್ ಹೋಯಿತೇನೋ ಎಂದು ಮೇಲೆ ನೋಡಿದೆ, ಫ್ಯಾನ್ ತಿರುಗುತ್ತಿತ್ತು.

ಹತ್ತಿರ ಹೋದೆ. ಹಾಳೆಯ ಮೇಲೆ ಆ ಹಳೆಯ ಅಂಕಿಗಳು, ಒಂದರ ಕೆಳಗೊಂದು, ಬಾಯಿಪಾಠ ಮಾಡಿಕೊಂಡು ಬಂದು ಬರೆದಂತೆ. ಕೈ ಎಲ್ಲೂ ತಡವರಿಸುತ್ತಿರಲಿಲ್ಲ.

"ಬ್ಲೋವರ್ ಹಚ್ಚವ್ವಾ," ಎಂದೆ ಮೆಲ್ಲಗೆ. "ಈಗ ಬರೋಬರ್ ತೋರಸ್ತದ. ನಾ ಇಲ್ಲೇ ಅದೀನಿ."

ಅವಳು ತಲೆಯೆತ್ತಿ ನೋಡಿದಳು. ಮುಖದ ಮೇಲೆ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

"ಹೋದ ಸಲಾನೂ ಇಲ್ಲೇ ಇದ್ರಲ್ರಿ ಸರ್."

ಮತ್ತೆ ತಲೆ ತಗ್ಗಿಸಿ ಗ್ರಾಫ್ ಹಾಳೆಯ ಮೇಲೆ ಚುಕ್ಕೆಗಳನ್ನು ಇಡತೊಡಗಿದಳು. ಪರೀಕ್ಷಕರು ಚಹಾ ಕುಡಿದು ಬಂದು ನೋಡಿ, ಬಹಳ ಚೊಲೋ ಮಾಡಿದ್ದಾಳೆ, ಇಂಥ ಹುಡುಗಿ ಹೋದ ಸಲ ಯಾಕೆ ಫೇಲಾದಳು ಎಂದು ನನ್ನನ್ನು ಕೇಳಿದರು. ಆಗ ಅವಳಿಗೆ ಆರಾಮ ಇರಲಿಲ್ಲ ಎಂದೆ. ಅವರು ಪೂರ್ತಿ ಅಂಕ ಹಾಕಿ ಹಾಳೆಯನ್ನು ನನ್ನ ಕಡೆ ಸರಿಸಿದರು. ನಾನು ಸಹಿ ಹಾಕಿದೆ.